5 ಕೆಜಿ ಸಿಲಿಂಡರ್‌ನಲ್ಲಿ ಕ್ಯಾಂಪರ್ ವ್ಯಾನ್ ಬೆಚ್ಚಗೆ ಇಡಬಹುದಾ?

ನೀವು ಕೇಳಿದ್ದು ಇಷ್ಟು ಅಲ್ವಾ: ಟೆಂಪೋ ಟ್ರಾವೆಲರನ್ನು ಒಳಗೇ ಅಡುಗೆ ಮಾಡಿ ಮಲಗುವ ಕ್ಯಾಂಪರ್ ಮಾಡಿಸಿದ್ದೀರಿ, ಡಿಸೆಂಬರ್‌ನಲ್ಲಿ ಹತ್ತು ದಿನ ಕೊಡಗು ಸುತ್ತುತ್ತೀರಿ, ಗಂಡ ಹೆಂಡತಿ ಜೊತೆ ವಯಸ್ಸಾದ ಅಮ್ಮನೂ ಇದ್ದಾರೆ. 5 ಕೆಜಿ ಸಿಲಿಂಡರ್ ಒಂದು ಸಾಕಾ, ಅದರಿಂದಲೇ ರಾತ್ರಿ ಗ್ಯಾಸ್ ಹೀಟರ್ ಉರಿಸಬಹುದಾ ಅಂತ.

ಅಡುಗೆಗೆ ಸಾಕು. ಹೀಟರ್‌ಗೆ ಸಾಲುವುದಿಲ್ಲ. ಸಾಲಿದರೂ ಹಾಕಬೇಡಿ.

ನಾನು ಸುಂಟಿಕೊಪ್ಪದ ಕಡೆಯವನು, ನನ್ನದೂ ಹಳೇ ಟ್ರಾವೆಲರೇ. ಮೊದಲ ವರ್ಷ ನಾನೂ ನಿಮ್ಮ ಹಾಗೇ ಲೆಕ್ಕ ಹಾಕಿ ಮೂರು ಪ್ಲೇಟಿನ ಗ್ಯಾಸ್ ಹೀಟರ್ ತಂದಿದ್ದೆ, ಸಿಲಿಂಡರ್‌ಗೆ ಸಿಕ್ಕಿಸಿದರೆ ಕೆಂಪಗೆ ಕಾಯುತ್ತದಲ್ಲ, ಅದು. ಕಕ್ಕಡ ತಿಂಗಳು (ಜುಲೈ-ಆಗಸ್ಟ್‌ನ ಜೋರು ಮಳೆಗಾಲ), ಭಾಗಮಂಡಲದ ಹತ್ತಿರ ಗಾಡಿ ನಿಲ್ಲಿಸಿದ್ದೆ, ಮಳೆ ಎರಚಲು ಒಳಗೆ ಬರುತ್ತದೆ ಅಂತ ಕಿಟಕಿ ಎಲ್ಲ ಬಿಗಿಯಾಗಿ ಹಾಕಿ ಹೀಟರ್ ಹಚ್ಚಿ ಮಲಗಿದೆವು. ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ ತಲೆ ಸಿಡಿಯುತ್ತಿತ್ತು, ಎದ್ದು ನಿಂತರೆ ಕಾಲಿನಲ್ಲಿ ಶಕ್ತಿ ಇಲ್ಲ. ಹೇಗೋ ಬಾಗಿಲು ತಳ್ಳಿ ಹೆಂಡತಿಯನ್ನು ಎಬ್ಬಿಸಿ ಮಳೆಯಲ್ಲೇ ಹೊರಗೆ ಕೂತೆವು. ಅದು ಕಾರ್ಬನ್ ಮೊನಾಕ್ಸೈಡ್‌ನ ಕೆಲಸ, ಗಾಳಿ ಸಾಲದೆ ಉರಿದಾಗ ಹುಟ್ಟುವ ವಿಷಾನಿಲ. ವಾಸನೆ ಇಲ್ಲ, ಬಣ್ಣ ಇಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳಲಿಲ್ಲ ಅಂತ ಪೇಪರ್‌ನಲ್ಲಿ ಓದುತ್ತೀವಲ್ಲ, ಅದೇ.

ಬೆಳಕಾದ ಮೇಲೆ ಇನ್ನೊಂದು ಕಂಡಿತು. ಗಾಜು, ತಗಡು, ಸೂರು ಎಲ್ಲ ನೀರು ಸುರಿಯುತ್ತಿತ್ತು, ಹಾಸಿಗೆಯ ಅಡಿಭಾಗ ಹಿಂಡಿದರೆ ನೀರು ಬರುವ ಹಾಗಿತ್ತು. ಮಳೆ ಸೋರಿದೆ ಅಂದುಕೊಂಡು ಒಂದು ವಾರ ಸೂರಿಗೆ ಸೀಲೆಂಟ್ ಬಳಿದೆ, ಸುಮ್ನೆ. ನೀರು ಬಂದಿದ್ದು ಗ್ಯಾಸ್‌ನಿಂದ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಹೊರಬೀಳುತ್ತದೆ. ಹೊಗೆ ಕೊಳವೆ ಇಲ್ಲದ ಹೀಟರ್ ಆದರೆ ಅದಷ್ಟೂ ಗಾಡಿಯ ಒಳಗೇ. ಮೂರು ಜನ ಮಲಗಿದರೆ ಉಸಿರು, ಬೆವರಿನಿಂದಲೇ ಅರ್ಧ ಲೀಟರ್ ದಾಟುತ್ತದೆ, ಅದರ ಮೇಲೆ ಇದು. ನಮ್ಮ ಕಡೆ ಚಳಿಗಿಂತ ತೇವವೇ ದೊಡ್ಡ ಶತ್ರು. ಮಡಿಕೇರಿಯಲ್ಲಿ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 10ರಿಂದ 14 ಡಿಗ್ರಿ ಇರುತ್ತದೆ, ಇದು ಲಡಾಖ್ ಅಲ್ಲ. ಒಣಗಿದ ಹಾಸಿಗೆಯಲ್ಲಿ 12 ಡಿಗ್ರಿ ಏನೂ ಅಲ್ಲ, ಒದ್ದೆ ಹಾಸಿಗೆಯಲ್ಲಿ 18 ಡಿಗ್ರಿಗೂ ಹಲ್ಲು ಕಡಿಯುತ್ತದೆ.

ಈಗ ಗ್ಯಾಸ್ ಲೆಕ್ಕ. ಸಾಧಾರಣ ಬರ್ನರ್ ಪೂರ್ತಿ ಉರಿಯಲ್ಲಿ ಗಂಟೆಗೆ 130-150 ಗ್ರಾಂ ತಿನ್ನುತ್ತದೆ. ಮೂರು ಹೊತ್ತು ಕಾಫಿ, ಕುಕ್ಕರ್‌ನಲ್ಲಿ ಅನ್ನ, ಸಾರು, ಬೆಳಗ್ಗೆ ಅಕ್ಕಿ ರೊಟ್ಟಿ ಅಂದರೆ ದಿನಕ್ಕೆ 200 ಗ್ರಾಂ ಹತ್ತಿರ ಹಿಡಿಯಿರಿ. ಜನ ಮರೆಯುವುದು ಸ್ನಾನದ ನೀರನ್ನು. ಹತ್ತು ಲೀಟರ್ ತಣ್ಣೀರನ್ನು ಸ್ನಾನಕ್ಕೆ ಬೆರೆಸುವಷ್ಟು ಬಿಸಿ ಮಾಡಲು 60-70 ಗ್ರಾಂ ಬೇಕು, ಮೂರು ಜನಕ್ಕೆ ಅದೇ 200 ಆಯಿತು. ಅಂದರೆ ಸ್ನಾನ ಅಡುಗೆಯಷ್ಟೇ ಗ್ಯಾಸ್ ತಿನ್ನುತ್ತದೆ. ಎರಡೂ ಸೇರಿ ದಿನಕ್ಕೆ 400, 5 ಕೆಜಿಗೆ ಹನ್ನೆರಡು ದಿನ. ಎರಡು ದಿನಕ್ಕೊಮ್ಮೆ ಯಾವುದಾದರೂ ಹೋಂಸ್ಟೇಯಲ್ಲಿ ಜಾಗ ಕೇಳಿ ನಿಲ್ಲಿಸಿ, ಹಂಡೆ ನೀರು ಸಿಕ್ಕರೆ ಅಲ್ಲೇ ಸ್ನಾನ ಮುಗಿಸಿ, ಇನ್ನೂ ಉಳಿಯುತ್ತದೆ. ಆ ಮೂರು ಪ್ಲೇಟಿನ ಹೀಟರ್ ಪೂರ್ತಿ ಉರಿದರೆ ಗಂಟೆಗೆ 300 ಗ್ರಾಂ. ಎಂಟು ಗಂಟೆಗೆ 2.4 ಕೆಜಿ, ಎರಡೇ ರಾತ್ರಿಗೆ ಸಿಲಿಂಡರ್ ಖಾಲಿ.

ಎರಡನೇ ರಾತ್ರಿ ಅಷ್ಟೂ ಬರುವುದಿಲ್ಲ ಅನ್ನಿ. ಸಣ್ಣ ಸಿಲಿಂಡರ್‌ನಿಂದ ಅಷ್ಟು ಜೋರಾಗಿ ಗ್ಯಾಸ್ ಎಳೆದರೆ ಒಳಗಿನ ದ್ರವ ಆವಿಯಾಗುತ್ತಾ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ, ಉರಿ ಸಣ್ಣದಾಗುತ್ತದೆ. ಮುಗಿಯಿತು ಅಂದುಕೊಂಡು ಸಿಲಿಂಡರ್ ಬದಲಾಯಿಸುತ್ತಾರೆ, ಒಳಗೆ ಒಂದು ಕಿಲೋ ಇರುತ್ತದೆ. ಇನ್ನು ಕೆಲವರು ಅಡ್ಡ ಮಲಗಿಸುತ್ತಾರೆ. ದಯವಿಟ್ಟು ಬೇಡ, ದ್ರವವೇ ರೆಗ್ಯುಲೇಟರ್‌ಗೆ ಬರುತ್ತದೆ. ಲಗೇಜ್ ತೂಕದ ಕೊಕ್ಕೆ ತಕ್ಕಡಿ ಒಂದು ತಂದುಕೊಳ್ಳಿ. ಖಾಲಿ ಸಿಲಿಂಡರ್‌ನ ತೂಕ ಅದರ ಮೇಲೆಯೇ ಬರೆದಿರುತ್ತದೆ, ಕಳೆದರೆ ಉಳಿದ ಗ್ಯಾಸ್ ಎಷ್ಟು ಅಂತ ಗೊತ್ತಾಗುತ್ತದೆ. ಕತ್ತಲಾಗುವ ಮುಂಚೆಯೇ ನೋಡಿಕೊಳ್ಳಿ, ಯಾಕಂದರೆ ಸಿದ್ದಾಪುರ, ತಿತಿಮತಿ ಕಡೆ ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಗಾಡಿ ಹಿಂದೆ ಸಿಲಿಂಡರ್ ಬದಲಾಯಿಸಲು ಇಳಿಯುವುದು ಆನೆಗೆ ಆಮಂತ್ರಣ ಕೊಟ್ಟ ಹಾಗೆ.

ಸಿಲಿಂಡರ್ ಇಡುವ ಜಾಗದ ಬಗ್ಗೆ ಒಂದು ಮಾತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಹಾಗಾಗಿ ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಇರಲೇಬೇಕು, ಪೆಟ್ಟಿಗೆಗೂ ಮಲಗುವ ಜಾಗಕ್ಕೂ ಸಂದು ಇರಬಾರದು. ನನಗೆ ಗಾಡಿ ಮಾಡಿಕೊಟ್ಟವನು ಇಲಿ ಬರುತ್ತದೆ ಅಂತ ಆ ತೂತಿಗೆ ಪ್ಲೈವುಡ್ ಹೊಡೆದಿದ್ದ! ಬಲೆ ಹಾಕಿದರೆ ಸಾಕಿತ್ತು. ಗ್ಯಾಸ್ ಸೋರಿಕೆ ಅಲಾರಂ ನೆಲದ ಹತ್ತಿರ, ಕಾರ್ಬನ್ ಮೊನಾಕ್ಸೈಡ್ ಅಲಾರಂ ತಲೆದಿಂಬಿನ ಎತ್ತರಕ್ಕೆ. ಇವೆರಡೂ ಬೇರೆ ಬೇರೆ, ಒಂದು ಇನ್ನೊಂದರ ಕೆಲಸ ಮಾಡಲ್ಲ. ಬೀದಿ ಬದಿಯಲ್ಲಿ ತುಂಬಿಸಿಕೊಡುವ ಪುಟಾಣಿ ಸಿಲಿಂಡರ್ ಬೇಡ. ಪೂರ್ತಿ ಕಂಠಮಟ್ಟ ತುಂಬಿದರೆ ಬಿಸಿಲಿಗೆ ದ್ರವ ಹಿಗ್ಗಲು ಜಾಗವೇ ಇರುವುದಿಲ್ಲ.

ಹಾಗಾದರೆ ಅಮ್ಮನಿಗೆ ಚಳಿಯಾಗದ ಹಾಗೆ ಏನು ಮಾಡುವುದು? ನಮ್ಮ ಅವ್ವನ ಉಪಾಯ: ರಾತ್ರಿ ಒಂದು ಪಾತ್ರೆ ನೀರು ಕಾಯಿಸಿ ರಬ್ಬರ್ ಬಾಟಲಿಗೆ ಹಾಕಿ, ಬಟ್ಟೆ ಸುತ್ತಿ ಕಾಲಿನ ಹತ್ತಿರ ಇಡುವುದು. ಎರಡು ಬಾಟಲಿಗೆ 30 ಗ್ರಾಂ ಗ್ಯಾಸ್ ಸಹ ಆಗಲ್ಲ, ಬೆಳಗಿನ ಜಾವದವರೆಗೂ ಹಿತವಾಗಿರುತ್ತದೆ. ಮುಂದಿನ ದೊಡ್ಡ ಗಾಜಿಗೆ ಒಳಗಿಂದ ಬೆಳ್ಳಿ ಬಣ್ಣದ ಫೋಮ್ ಶೀಟ್ ಕತ್ತರಿಸಿ ಹಚ್ಚಿ, ನೆಲಕ್ಕೆ ದಪ್ಪ ಚಾಪೆ, ಎದುರುಬದುರು ಕಿಟಕಿ ಎರಡು ಬೆರಳಷ್ಟು ತೆರೆದಿರಲಿ. ಗದ್ದೆ ಬಯಲಿನಲ್ಲಿ ನಿಲ್ಲಿಸಬೇಡಿ, ತಣ್ಣನೆ ಗಾಳಿಯೂ ಮಂಜೂ ಅಲ್ಲೇ ಇಳಿದು ಕೂರುತ್ತದೆ. ಸ್ವಲ್ಪ ಏರಿನಲ್ಲಿ, ಬೆಳಗಿನ ಬಿಸಿಲು ಬೀಳುವ ಕಡೆ ನಿಲ್ಲಿಸಿ. ಇಷ್ಟಾದ ಮೇಲೂ ಹೀಟರ್ ಬೇಕೇ ಬೇಕು ಅಂದರೆ ಡೀಸೆಲ್ ಏರ್ ಹೀಟರ್ ಹಾಕಿಸಿ. ಅದು ಹೊರಗಿನ ಗಾಳಿಯಲ್ಲಿ ಉರಿದು ಹೊಗೆಯನ್ನು ಹೊರಗೇ ಬಿಡುತ್ತದೆ, ಒಳಗೆ ಒಣ ಬಿಸಿ ಮಾತ್ರ. 2 ಕಿಲೋವ್ಯಾಟ್‌ನದ್ದು ಗಂಟೆಗೆ ಕಾಲು ಲೀಟರ್ ಒಳಗೇ ಕುಡಿಯುತ್ತದೆ. ಕೊಡಗಿಗೆ ಮಾತ್ರ ಅಂದರೆ ನಾನಂತೂ ಆ ದುಡ್ಡು ಹಾಕುತ್ತಿರಲಿಲ್ಲ.

ಸಿಲಿಂಡರ್ ಕುಶಾಲನಗರದಲ್ಲೇ ತೂಕ ಹಾಕಿ ನೋಡಿ, ಕಡಿಮೆ ಇದ್ದರೆ ಅಲ್ಲೇ ಬದಲಾಯಿಸಿಕೊಳ್ಳಿ. ಮೇಲೆ ಬಂದ ಮೇಲೆ ಭಾನುವಾರ ಕಷ್ಟ, ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ದಿನ ಬಂದರಂತೂ ಯಾವ ಅಂಗಡಿಯವರೂ ಕೈಗೆ ಸಿಗಲ್ಲ.