ದೇವಿಯ ‘ಶಾಕಂಭರಿ’ ಎಂಬ ಹೆಸರಿನ ಸರಿಯಾದ ಅರ್ಥವೇನು?

ತರಕಾರಿಯನ್ನೇ ವಸ್ತ್ರವಾಗಿ ಉಟ್ಟವಳು ಎಂದು ಹಲವರು ಅರ್ಥ ಹೇಳುವುದುಂಟು. ಆದರೆ ಶಾಕ (ತರಕಾರಿ), ಅಂಬರ (ವಸ್ತ್ರ) ಎಂಬ ಪದಗಳು ಸೇರಿದ್ದರೆ ಸವರ್ಣದೀರ್ಘ ಸಂಧಿಯಾಗಿ ‘ಶಾಕಾಂಬರಿ’ ಎಂದಾಗುತ್ತಿತ್ತು. ಇಲ್ಲಿರುವುದು ಮಹಾಪ್ರಾಣ ‘ಭ’, ಅಂದರೆ ಹೊರು, ಪೋಷಿಸು ಎಂಬರ್ಥದ ‘ಭೃ’ ಧಾತು. ಆದ್ದರಿಂದ ಶಾಕದಿಂದ ಲೋಕವನ್ನು ಪೊರೆಯುವವಳು ಎಂಬುದೇ ಸರಿ. ಶಾಕವೆಂದರೆ ಸೊಪ್ಪಷ್ಟೇ ಅಲ್ಲ. ಹೂವು, ಕಾಯಿ, ಗೆಡ್ಡೆಗಳೂ ಅದರಲ್ಲಿ ಸೇರುತ್ತವೆ. ದೇವೀಮಾಹಾತ್ಮ್ಯದ 11ನೇ ಅಧ್ಯಾಯದಲ್ಲಿ ಈ ಹೆಸರಿನ ಕಾರಣವನ್ನು ದೇವಿಯೇ ತಿಳಿಸುತ್ತಾಳೆ: ನೂರು ವರ್ಷ ಮಳೆಯಿಲ್ಲದಾಗ, ಮತ್ತೆ ಮಳೆ ಸುರಿಯುವವರೆಗೂ, ತನ್ನ ಮೈಯಿಂದಲೇ ಹುಟ್ಟಿದ, ಪ್ರಾಣ ಉಳಿಸುವ ಶಾಕಗಳಿಂದ ಇಡೀ ಲೋಕವನ್ನು ಸಲಹುವೆನೆಂದು. ಎಲ್ಲಿಂದಲೋ ತಂದು ಕೊಡುವುದಲ್ಲ, ತಾಯಿ ಹಾಲೂಡಿಸಿದಂತೆ ತನ್ನೊಡಲಿನಿಂದಲೇ ಕೊಡುವುದು. ನನಗೆ ಈ ಹೆಸರಿನ ಜೀವ ಇದರಲ್ಲೇ ಇದೆ ಅನ್ನಿಸುತ್ತದೆ. ಬಾದಾಮಿಯ ಬನಶಂಕರಿಯನ್ನು ಶಾಕಂಭರಿಯೆಂದೇ ಪೂಜಿಸುತ್ತಾರೆ. ಬನದ ಹುಣ್ಣಿಮೆಯ ಹೊತ್ತಿಗೆ ಅವಳಿಗೆ 108 ಬಗೆಯ ತರಕಾರಿ ಅಡುಗೆಗಳ ನೈವೇದ್ಯ ಸಲ್ಲುತ್ತದೆ.