ಓದುಗರ ಪ್ರಶ್ನೆ: ಮಲ್ಟಿಕಾಸ್ಟ್ ವಿಡಿಯೊ ಆಗಾಗ ನಿಲ್ಲುವುದೇಕೆ?

ಪ್ರಶ್ನೆ: ನಮ್ಮಲ್ಲಿ ಮಲ್ಟಿಕಾಸ್ಟ್ ವಿಡಿಯೊ (ಒಂದೇ ಪ್ರತಿ, ಕೇಳಿದ ಪರದೆಗಳಿಗೆಲ್ಲಾ ಹೋಗುವಂಥದ್ದು) ಓಡುತ್ತದೆ. ವೈಫೈ ಮೇಲಿರುವ ಪರದೆಗಳಲ್ಲಿ ಮಾತ್ರ ಅದು ಹೊತ್ತುಗೊತ್ತಿಲ್ಲದೆ ನಿಲ್ಲುತ್ತದೆ, ಒಂದೆರಡು ನಿಮಿಷ ಬಿಟ್ಟು ತಾನೇ ಶುರುವಾಗುತ್ತದೆ. ಪಕ್ಕದ ಪರದೆ ಆಫ್ ಮಾಡಿದಾಗ ಇದು ಜಾಸ್ತಿ. ಪ್ಯಾಕೆಟ್ ಲಾಸ್ (ಡೇಟಾ ತುಣುಕುಗಳು ದಾರಿಯಲ್ಲೇ ಕಳೆದುಹೋಗುವುದು) ಇರುವುದು ಗೊತ್ತು. ರೌಟರ್‌ನಲ್ಲಿ ರೋಬಸ್ಟ್‌ನೆಸ್ (ಎಷ್ಟು ಸುತ್ತು ಉತ್ತರಕ್ಕೆ ಕಾಯಬೇಕೆಂಬ ಸಂಖ್ಯೆ) 2 ಅಂತಿದೆ. 7 ಮಾಡಿಬಿಡಲೇ?

ಉತ್ತರ: 7 ಬೇಡ ಮಾರಾಯ್ರೇ! ಪ್ರತಿ ಸಲವೂ ಸರಿಯಾಗಿ 4 ನಿಮಿಷ 20 ಸೆಕೆಂಡಿನ ಹೊತ್ತಿಗೆ ನಿಂತು, ಮತ್ತೆ ಬರದೇ ಇದ್ದಿದ್ದರೆ, ಕ್ವೆರಿ ('ಯಾರಿಗೆ ವಿಡಿಯೊ ಬೇಕು' ಎಂಬ ಪ್ರಶ್ನೆ) ಕಳಿಸುವವರೇ ಯಾರೂ ಇಲ್ಲ ಎನ್ನುತ್ತಿದ್ದೆ. ನಿಮ್ಮದು ಹಾಗಲ್ಲ.

ಯಾವ ಪರದೆಗೆ ಮಲ್ಟಿಕಾಸ್ಟ್ ಬೇಕೆಂದು ರೌಟರ್ ತಿಳಿದುಕೊಳ್ಳುವ ಕ್ರಮವೇ ಐಜಿಎಂಪಿ. ಅದು ನಡೆಯುವುದು ಹಾಜರಿ ಕೂಗಿದ ಹಾಗೆ. ರೌಟರ್ 125 ಸೆಕೆಂಡಿಗೊಮ್ಮೆ ಕ್ವೆರಿ ಕಳಿಸುತ್ತದೆ. ಪರದೆ 10 ಸೆಕೆಂಡಿನೊಳಗೆ ರಿಪೋರ್ಟ್ ಕೊಡಬೇಕು. ಎರಡು ಸುತ್ತು ಉತ್ತರ ಬರಲಿಲ್ಲವೋ, 2 × 125 + 10, ಅಂದರೆ 260 ಸೆಕೆಂಡಿಗೆ ಹೆಸರು ಹೊಡೆದುಹಾಕುತ್ತದೆ. ವೈಫೈನಲ್ಲಿ ಆಕ್ಸೆಸ್ ಪಾಯಿಂಟ್‌ನಿಂದ (ವೈಫೈ ಬಿತ್ತರಿಸುವ ಪೆಟ್ಟಿಗೆ) ಬರುವ ಮಲ್ಟಿಕಾಸ್ಟ್‌ಗೆ ಸಾಮಾನ್ಯವಾಗಿ ಅಕ್ನಾಲೆಜ್‌ಮೆಂಟ್ ('ತಲುಪಿತು' ಎಂಬ ಮರುಸೂಚನೆ) ಇಲ್ಲ, ಕಳೆದುಹೋದರೆ ಮತ್ತೆ ಕಳಿಸುವುದೂ ಇಲ್ಲ. ಹಾಗಾಗಿ ಹೆಚ್ಚಾಗಿ ಕ್ವೆರಿಯೇ ಪರದೆಗೆ ತಲುಪಿರುವುದಿಲ್ಲ. ಪಾಪ, ಪರದೆ ಏನು ಮಾಡೀತು?

ರೋಬಸ್ಟ್‌ನೆಸ್ 7 ಮಾಡಿದರೆ ಈ ಅವಧಿ 885 ಸೆಕೆಂಡಿಗೆ ಏರುತ್ತದೆ. ಯಾವುದೋ ಪರದೆ ಪ್ಲಗ್ ಕಿತ್ತು ಹೋದರೂ ಸುಮಾರು 15 ನಿಮಿಷ ಅದಕ್ಕೆ ಸುಮ್ನೆ ವಿಡಿಯೊ ಸುರಿಯುತ್ತಲೇ ಇರುತ್ತದೆ. ಮೊದಲೇ ಸೋತ ವೈಫೈಗೆ ಇನ್ನಷ್ಟು ಹೊರೆ.

ಎರಡನ್ನೂ ಒಟ್ಟಿಗೆ ತಿರುಗಿಸಿ: ರೋಬಸ್ಟ್‌ನೆಸ್ 4, ಕ್ವೆರಿ ಇಂಟರ್ವಲ್ 60. 4 × 60 + 10 ಅಂದರೆ 250 ಸೆಕೆಂಡು. ಕಾಯುವ ಹೊತ್ತು ಹೆಚ್ಚುಕಡಿಮೆ ಮೊದಲಿನಷ್ಟೇ, ಆದರೆ ಅವಕಾಶ ನಾಲ್ಕು. ಹೋಗುವಾಗ ಬರುವಾಗ ಎರಡೂ ಕಡೆ ಶೇ. 10 ಲಾಸ್ ಇದ್ದರೆ ಒಂದು ಸುತ್ತು ಕೆಡುವ ಸಂಭವ ಶೇ. 19. ಎರಡು ಸುತ್ತು ಸತತವಾಗಿ ಕೆಡುವುದು ಶೇ. 3.6, ನಾಲ್ಕೂ ಕೆಡುವುದು ಶೇ. 0.13. ಲಾಸ್ ಬಿಡಿಬಿಡಿಯಾಗಿ ಆದರೆ ಮಾತ್ರ ಈ ಲೆಕ್ಕ. ಒಂದೇ ಸಲ ಹತ್ತಾರು ಸೆಕೆಂಡು ಎಲ್ಲವೂ ಹೋಗುವ ಜಾಗದಲ್ಲಿ ಬೇರೆ ಕಥೆ.

ಪಕ್ಕದ ಪರದೆಯ ವಿಷಯ ನನಗೆ ಹೆಚ್ಚು ಮುಖ್ಯ ಅನ್ನಿಸಿತು. ಅದು ಗುಂಪು (ಅದೇ ವಿಡಿಯೊ ಪಡೆಯುವ ಪರದೆಗಳ ಪಟ್ಟಿ) ಬಿಟ್ಟಾಗ ರೌಟರ್ 'ಇನ್ನೂ ಯಾರಾದರೂ ಇದ್ದೀರಾ' ಎಂದು ಒಂದು ಸೆಕೆಂಡಿನ ಅಂತರದಲ್ಲಿ ಎರಡೇ ಸಲ ಕೇಳುತ್ತದೆ. ಅವೆರಡೂ ಕಳೆದುಹೋದರೆ ಉಳಿದ ಪರದೆಗೂ ವಿಡಿಯೊ ಕಟ್, ಮುಂದಿನ ಕ್ವೆರಿ ಬರುವವರೆಗೆ. ನೀವು ಹೇಳಿದ ಆ ಒಂದೆರಡು ನಿಮಿಷ ಇದೇ, ಅಲ್ವಾ? ರೋಬಸ್ಟ್‌ನೆಸ್ 4 ಮಾಡಿದರೆ ಈ ಕೇಳುವ ಸಲವೂ ಸಾಮಾನ್ಯವಾಗಿ ನಾಲ್ಕಾಗುತ್ತದೆ. ಸ್ವಿಚ್‌ನಲ್ಲಿ ಫಾಸ್ಟ್ ಲೀವ್ ಆನ್ ಇದ್ದರೆ ಮೊದಲು ಆಫ್ ಮಾಡಿ. ಒಂದೇ ಪೋರ್ಟಿನ ಹಿಂದೆ ಎರಡು ಪರದೆ ಇರುವಾಗ ಅದು ಕೇಳದೇ ಕತ್ತರಿಸುತ್ತದೆ.

ಐಜಿಎಂಪಿ 3ನೇ ಆವೃತ್ತಿ ಆದರೆ ರೋಬಸ್ಟ್‌ನೆಸ್ ಸಂಖ್ಯೆ ಕ್ವೆರಿಯೊಳಗೇ ಹೋಗುತ್ತದೆ, ಉಳಿದ ರೌಟರ್‌ಗಳು ಅದನ್ನೇ ಹಿಡಿಯುತ್ತವೆ. 2ನೇ ಆವೃತ್ತಿಯಲ್ಲಿ ಆ ಸೌಲಭ್ಯವಿಲ್ಲ, ಎಲ್ಲಾ ಕಡೆ ನೀವೇ ಹಾಕಬೇಕು.

ಇಷ್ಟಾದ ಮೇಲೂ ಚಿತ್ರ ಚೌಕಚೌಕವಾಗಿ ಒಡೆದರೆ ಅದು ವಿಡಿಯೊ ಪ್ಯಾಕೆಟ್‌ಗಳೇ ಕಳೆದುಹೋಗುತ್ತಿರುವುದು. ರೋಬಸ್ಟ್‌ನೆಸ್‌ಗೂ ಅದಕ್ಕೂ ಸಂಬಂಧವಿಲ್ಲ. ಆಕ್ಸೆಸ್ ಪಾಯಿಂಟ್‌ನಲ್ಲಿ ಮಲ್ಟಿಕಾಸ್ಟನ್ನು ಯುನಿಕಾಸ್ಟ್ (ಪ್ರತಿ ಪರದೆಗೂ ಬೇರೆ ಬೇರೆ ಪ್ರತಿ) ಮಾಡುವ ಆಯ್ಕೆ ಇದೆಯೇ ಹುಡುಕಿ.