ಹಳೇ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿದರೆ ದುಡ್ಡು ಉಳಿಯುತ್ತಾ?

ಚಿತ್ರದುರ್ಗದ ಹತ್ತಿರ ಸಣ್ಣ ಶಾಲೆ ನಡೆಸ್ತೀವಿ, 20 ಹಳೇ ಕಂಪ್ಯೂಟರ್ ಇವೆ, ವಿಂಡೋಸ್ ಬದಲು ಬಿಟ್ಟಿ ಸಿಗೋ ಲಿನಕ್ಸು, ಎಂಎಸ್ ಆಫೀಸ್ ಬದಲು ಬಿಟ್ಟಿ ಸಿಗೋ ಲಿಬ್ರೆ ಆಫೀಸು ಹಾಕಿದರೆ ನಿಜಕ್ಕೂ ಉಳಿತಾಯವೇ ಅಂತ ಕೇಳಿದ್ದೀರಿ. ಹೌದು ಸರ್, ಉಳಿತಾಯವೇ. ಆದರೆ ಲೈಸೆನ್ಸ್ ದುಡ್ಡಿನ ಲೆಕ್ಕ ಬಿಟ್ಟುಬಿಡಿ.

ದಾವಣಗೆರೆ ಮಂಡಿಪೇಟೆಯಲ್ಲಿ ಹದಿನೈದು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡ್ತಿದ್ದೇನೆ. ಕಾಸು ಕೊಟ್ಟು ಕೊಂಡ ಎಂಎಸ್ ಆಫೀಸ್ ಇರೋ ಮಷಿನ್ ನನ್ನ ಟೇಬಲ್‌ಗೆ ಬರೋದೇ ಅಪರೂಪ. ಯಾವತ್ತೂ ಕೊಡದ ದುಡ್ಡು ಉಳಿಯೋದಾದರೂ ಹೇಗೆ? ಉಳಿಯೋದು ಹೊಸ ಮಷಿನ್ನಿನ ಖರ್ಚು. ವಿಂಡೋಸ್ 10ರ ಮಾಮೂಲಿ ಬೆಂಬಲ (ಸುರಕ್ಷತಾ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಷ್ಟೋ ಹಳೇ ಮಷಿನ್‌ಗಳು ವಿಂಡೋಸ್ 11ಕ್ಕೆ ಅರ್ಹವೇ ಅಲ್ಲ. ಅಂಥವಕ್ಕೆ ಒಂದು ಎಸ್‌ಎಸ್‌ಡಿ (ವೇಗದ ಡಿಸ್ಕ್) ಕೂರಿಸಿ, ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿದರೆ ಮಕ್ಕಳ ಕಲಿಕೆಗೆ ಇನ್ನೂ ಕೆಲವು ವರ್ಷ ಧಾರಾಳವಾಗಿ ಓಡುತ್ತವೆ.

ಖರ್ಚು ಬರೋದು ಬೇರೆ ಕಡೆ. ಇಲ್ಲಿಯ ಒಂದು ಶಾಲೆಗೆ ಹಾಕಿಕೊಟ್ಟ ಮಾರನೇ ದಿನವೇ ಅಲ್ಲಿನ ಕ್ಲರ್ಕ್ ಮೇಡಂ ಫೋನ್ ಮಾಡಿದರು. ಹಳೇ ಪ್ರಶ್ನೆಪತ್ರಿಕೆ ತೆಗೆದರೆ ಕನ್ನಡವೇ ಇಲ್ಲ, ಬರೀ ಪೌಂಡ್ ಚಿಹ್ನೆ, ನೆತ್ತಿಯ ಮೇಲೆ ಗೆರೆ ಎಳೆದ ಇಂಗ್ಲಿಷ್ ಅಕ್ಷರ. ಎಲ್ಲಾ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಎಲ್ಲ ಕಂಪ್ಯೂಟರಿಗೂ ಅರ್ಥವಾಗೋ ಯೂನಿಕೋಡ್ ಅಲ್ಲ; ಆ ಫಾಂಟ್ ಇಲ್ಲದಿದ್ದರೆ ಕನ್ನಡ ಕಾಣೋದಿಲ್ಲ. ಯೂನಿಕೋಡಿಗೆ ಬದಲಿಸೋ ಪರಿವರ್ತಕಕ್ಕೆ ಹಾಕಿದೆವು, ಆಮೇಲೂ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತಿತ್ತು. ಇಬ್ಬರೂ ಕೂತು ನಾಲ್ಕು ಸಂಜೆ ತಿದ್ದಿದೆವು. ನುಡಿಯಲ್ಲಿದ್ದ ಕೆಜಿಪಿ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಇರೋದರಿಂದ ಅವರ ಬೆರಳಿನ ಅಭ್ಯಾಸ ಬದಲಾಗಲಿಲ್ಲ, ಅದೊಂದು ಪುಣ್ಯ.

ಆ ನಾಲ್ಕು ಸಂಜೆಗೆ ಶಾಲೆಯವರು ನನಗೆ ಕೂಲಿ ಕೊಟ್ಟರು. ನನಗೆ ಮುಖ್ಯ ಅನ್ನಿಸೋದು ಇದೇ. ಲೈಸೆನ್ಸಿಗೆ ಕಟ್ಟಿದ ದುಡ್ಡು ಊರು ಬಿಟ್ಟು ಹೋಗುತ್ತೆ. ದುಡಿಮೆಗೆ ಕೊಟ್ಟದ್ದು ಇಲ್ಲೇ ತಿರುಗುತ್ತೆ, ಜೊತೆಗೆ ಕೆಲಸ ಕಲಿತ ಒಬ್ಬ ಮನುಷ್ಯ ಊರಲ್ಲಿ ಉಳೀತಾನೆ. ಕೇರಳದ ಶಾಲೆಗಳು ಲಿನಕ್ಸಿನಂಥ ಸ್ವತಂತ್ರ ತಂತ್ರಾಂಶಕ್ಕೆ ಹೋಗಿ 300 ಕೋಟಿ ರೂಪಾಯಿ ಉಳಿಸಿದವು ಅಂತ 2017ರಲ್ಲಿ ಸುದ್ದಿಯಾಗಿತ್ತು. ಎಲ್ಲರೂ ಆ ಮೊತ್ತ ಹೇಳ್ತಾರೆ, ಅಲ್ಲಿ ಸಾವಿರಾರು ಮೇಷ್ಟ್ರುಗಳಿಗೆ ತರಬೇತಿ ಕೊಟ್ಟದ್ದನ್ನು ಹೇಳೋದಿಲ್ಲ. ತರಬೇತಿ ಇಲ್ಲದೆ ಬರೀ ಸಿಡಿ ಹಂಚಿದ್ದರೆ ಮೂರೇ ತಿಂಗಳಲ್ಲಿ ಲೈಸೆನ್ಸ್ ಇಲ್ಲದೆ ಕ್ರ್ಯಾಕ್ ಮಾಡಿದ ವಿಂಡೋಸ್ ವಾಪಸ್ ಬರ್ತಿತ್ತು.

ಲೆಕ್ಕಪತ್ರಕ್ಕೆ ಟ್ಯಾಲಿ ತಂತ್ರಾಂಶ ಬಳಸ್ತಿದ್ದರೆ ಆ ಒಂದು ಮಷಿನ್ ಮುಟ್ಟಬೇಡಿ, ಟ್ಯಾಲಿ ವಿಂಡೋಸಿಗೆಂದೇ ಮಾಡಿದ್ದು, ವಿಂಡೋಸಿನಲ್ಲೇ ಇರಲಿ. ಮಂಡಿ ವರ್ತಕರಿಗೂ ನಾನು ಇದನ್ನೇ ಹೇಳೋದು. ಉಳಿದ 19ರಲ್ಲಿ ಮೊದಲು ಎರಡಕ್ಕೆ ಹಾಕಿ, ನಿಮ್ಮ ಕ್ಲರ್ಕ್ ಕೈಲಿ ಹಳೇ ನುಡಿ ಫೈಲ್ ಒಂದನ್ನು ತೆಗೆಸಿ ನೋಡಿ. ಎಷ್ಟು ಸಂಜೆಯ ಕೆಲಸ ಇದೆ ಅಂತ ಅಲ್ಲೇ ಗೊತ್ತಾಗುತ್ತೆ.